ಕೆಲಸ ಹುಡುಕುವವರಿಗೆ ಪರಿಚಯದ ದಾರಿ



ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಾವೆಲ್ಲರೂ ಭಾನುವಾರದ ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮತ್ತಾಯನ ಶುಭಸಂದೇಶದ ೨೦ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಕೊನೆಗೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನನ ಔದಾರ್ಯವನ್ನು ಕುರಿತು ಗುರುಗಳು ಪ್ರಬೋಧನೆ ಮಾಡುತ್ತಾರೆ, ಅದು ಸರಿಯೇ. ಆದರೆ ಸಂಜೆ ಐದು ಗಂಟೆಗೆ ಪೇಟೆಯ ಬೀದಿಯಲ್ಲಿ ಇನ್ನೂ ನಿಂತಿದ್ದವರ ಉತ್ತರವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದರು ಅವರು. ಅವರು ಸೋಮಾರಿಗಳಾಗಿರಲಿಲ್ಲ. ಸೋಮಾರಿಯಾದವನು ಸಂಜೆಯವರೆಗೆ ಬಿಸಿಲಿನಲ್ಲಿ ಕಾದು ನಿಲ್ಲುವುದಿಲ್ಲ, ಮಧ್ಯಾಹ್ನಕ್ಕೇ ಮನೆಗೆ ಹೋಗಿಬಿಡುತ್ತಾನೆ. ಅವರಿಗೆ ಕೈಯೂ ಇತ್ತು, ಮನಸ್ಸೂ ಇತ್ತು, ಕರೆಯುವವರಿರಲಿಲ್ಲ, ಅಷ್ಟೆ.

ಇಂದು ನಮ್ಮ ಮನೆಗಳಲ್ಲಿ ಇಂಥವರಿದ್ದಾರೆ. ಡಿಪ್ಲೊಮಾ ಮುಗಿಸಿ ಎರಡು ವರ್ಷವಾದ ಮಗನಿದ್ದಾನೆ. ಬೆಂಗಳೂರಿನ ಗಾರ್ಮೆಂಟ್ಸ್ ಮುಚ್ಚಿದ್ದರಿಂದ ಊರಿಗೆ ಮರಳಿದ ಮಗಳಿದ್ದಾಳೆ. ನಲವತ್ತೈದರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು, ಅದನ್ನು ನೆರೆಯವರಿಗೆ ಹೇಳಲಾರದೆ, ದಿನವೂ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತುವ ತಂದೆಯೂ ಇರಬಹುದು. ಈ ವಾರದ ಪಾಠ ಅವರಿಗಾಗಿ, ಮತ್ತು ಅವರೊಡನೆ ಒಂದೇ ಬೆಂಚಿನಲ್ಲಿ ಕುಳಿತು ಪೂಜೆ ಕೇಳುವ ನಮಗಾಗಿ.

ಮಾಂಬಳ್ಳಿಯ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಮಾಂಬಳ್ಳಿ, ಸಂತೇಮರಹಳ್ಳಿ, ಕೊಳ್ಳೇಗಾಲಗಳಲ್ಲಿ ಸರ್ಕಾರಿ ರೇಷ್ಮೆ ನೂಲು ಕಾರ್ಖಾನೆಗಳು ನಡೆಯುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಹಿಪ್ಪುನೇರಳೆ ತೋಟದಿಂದ ಹಿಡಿದು ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಬೇಸಿನ್ನು, ಹುರಿ ಹಾಕುವ ಯಂತ್ರ, ಮಗ್ಗ ಎಂದು ಒಂದು ಎಳೆಗೆ ಎಷ್ಟು ಜನರ ಕೈ! ಆ ಕಸುಬಿನಲ್ಲಿ ಕೆಲಸ ಖಾಲಿ ಇದೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟವರಿಲ್ಲ. ಗೂಡು ಮಾರಲು ಹೋದವನು ರೀಲರ್ ಒಬ್ಬನ ಬಾಯಿಂದ ಸುದ್ದಿ ಕೇಳಿ ಬರುತ್ತಿದ್ದ. ಬಂದು ಪಕ್ಕದ ಮನೆಯ ಹುಡುಗಿಗೆ ಹೇಳುತ್ತಿದ್ದ. ೧೯೯೦ರ ದಶಕದಲ್ಲಿ ಚೀನಾದ ಅಗ್ಗದ ರೇಷ್ಮೆ ಬಂದು ಬೆಲೆ ಬಿದ್ದಾಗ ಕಷ್ಟ ಬಂದದ್ದು ಕೂಲಿಗೆ ಮಾತ್ರವಲ್ಲ. ಸುದ್ದಿ ಬರುತ್ತಿದ್ದ ದಾರಿಯೂ ಮುಚ್ಚಿಹೋಯಿತು. ಎಲ್ಲರಿಗೂ ಪರಿಚಯವಿದ್ದುದು ರೇಷ್ಮೆಯವರೇ. ರೇಷ್ಮೆಯವರೆಲ್ಲರೂ ಒಟ್ಟಿಗೇ ಕಷ್ಟಕ್ಕೆ ಸಿಕ್ಕಿದ ಮೇಲೆ ಯಾರು ಯಾರನ್ನು ಕೇಳಬೇಕು?

ಈ ಮಾತನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಇದರಲ್ಲೇ ಪಾಠದ ತಿರುಳಿದೆ.

ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ನಗರದ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಕಂಡು, ನಿಮಗೆ ಈ ಕೆಲಸದ ಸುದ್ದಿ ಯಾರಿಂದ ಬಂತು ಎಂದು ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಪರಿಚಯದವರಿಂದ ಬಂದಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದುದು ಮುಂದಿನ ಪ್ರಶ್ನೆಯ ಉತ್ತರದಲ್ಲಿ. ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದಾಗ, ವಾರಕ್ಕೆ ಎರಡು ಸಲವಾದರೂ ಕಾಣುವ ಆಪ್ತರಿಂದ ಸುದ್ದಿ ಬಂದವರು ನೂರಕ್ಕೆ ಸುಮಾರು ೧೭ ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಬಂದದ್ದು ಸುಮಾರು ೫೬ ಮಂದಿಗೆ. ವರ್ಷಕ್ಕೆ ಒಂದು ಸಲ ಕಂಡರೆ ಹೆಚ್ಚು ಎನ್ನುವಂಥವರಿಂದ ಬಂದದ್ದು ಸುಮಾರು ೨೮ ಮಂದಿಗೆ. ೧೯೭೩ರಲ್ಲಿ ಅವರು ಬರೆದ ಲೇಖನ ಇದರಿಂದಲೇ ಹೆಸರಾಯಿತು.

ಕಾರಣ ಸರಳವಾದದ್ದು. ನಿಮ್ಮ ಅಣ್ಣನಿಗೆ, ನಿಮ್ಮ ಜೊತೆಗಾರನಿಗೆ ನಿಮ್ಮ ಮೇಲೆ ಪ್ರೀತಿ ಹೆಚ್ಚು; ಆದರೆ ಅವರಿಗೆ ತಿಳಿದಿರುವುದು ನಿಮಗೂ ತಿಳಿದಿರುವುದೇ. ಒಂದೇ ಅರಳಿಕಟ್ಟೆಯಲ್ಲಿ ಕೂರುವ ಹತ್ತು ಜನಕ್ಕೆ ಸಿಗುವುದು ಒಂದೇ ಸುದ್ದಿ. ಆರು ವರ್ಷದ ಹಿಂದೆ ನಿಮ್ಮೊಡನೆ ಐಟಿಐ ಓದಿ ಈಗ ನಂಜನಗೂಡಿನಲ್ಲಿರುವವನು ಕೂರುವ ಕಟ್ಟೆ ಬೇರೆ, ಅಲ್ಲಿಯ ಸುದ್ದಿಯೂ ಬೇರೆ. ಹಾಗೆಂದು ಗುರುತೇ ಇಲ್ಲದವರಿಂದ ಹೆಚ್ಚು ಪ್ರಯೋಜನವಾಗುತ್ತದೆ ಎಂದೇನೂ ಅಲ್ಲ. ಲಿಂಕ್ಡ್‌ಇನ್ ಎಂಬ ಉದ್ಯೋಗ ಜಾಲತಾಣದ ಎರಡು ಕೋಟಿಗೂ ಹೆಚ್ಚು ಸದಸ್ಯರನ್ನು ಐದು ವರ್ಷ ಗಮನಿಸಿ ೨೦೨೨ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಕಂಡುಕೊಂಡಿತು: ತೀರ ಆಪ್ತರಲ್ಲ, ತೀರ ಅಪರಿಚಿತರೂ ಅಲ್ಲ, ನಡುವಿನವರಿಂದಲೇ ಹೊಸ ಕೆಲಸಕ್ಕೆ ಹೆಚ್ಚು ಅನುಕೂಲ.

ಇದನ್ನು ತಿಳಿಯಲು ನಾವು ಬಾಸ್ಟನ್ನಿಗೇ ಹೋಗಬೇಕಾಗಿರಲಿಲ್ಲ. ಆದಿಕಾಂಡವನ್ನು ತೆರೆದು ನೋಡಿ. ಜೋಸೆಫನು ಸೆರೆಮನೆಯಲ್ಲಿದ್ದಾಗ ಫರೋಹನ ಪಾನಸೇವಕರ ಮುಖ್ಯಸ್ಥನೂ ಅಲ್ಲಿಗೆ ಬಂದನು. ಅವರಿಬ್ಬರೂ ಬಂಧುಗಳಲ್ಲ, ಒಂದೇ ದೇಶದವರೂ ಅಲ್ಲ. ಕೆಲವು ಕಾಲ ಒಂದೇ ಸೂರಿನಡಿ ಇದ್ದವರು. ಅವನ ಕನಸಿನ ಅರ್ಥವನ್ನು ಹೇಳಿದ ಜೋಸೆಫನು, ನಿನಗೆ ಒಳ್ಳೆಯದಾದಾಗ ಫರೋಹನ ಬಳಿ ನನ್ನ ವಿಷಯ ಒಂದು ಮಾತು ತಿಳಿಸು ಎಂದು ಕೇಳಿಕೊಂಡನು. ಕೇಳಲು ಅವನು ನಾಚಲಿಲ್ಲ. ಆ ಮನುಷ್ಯ ಹೊರಗೆ ಹೋದವನು ಮರೆತುಬಿಟ್ಟನು. ಎರಡು ವರ್ಷ ಕಳೆಯಿತು! ಫರೋಹನಿಗೆ ಕನಸು ಬಿದ್ದು, ಅರ್ಥ ಹೇಳುವವರು ಸಿಗದೆ ಇದ್ದಾಗ ಅವನಿಗೆ ಥಟ್ಟನೆ ಜೋಸೆಫನ ನೆನಪಾಯಿತು. ಆಗ ಅವನು ಹೇಳಿದ್ದೇನು? ಜೋಸೆಫನು ನನಗೆ ಬೇಕಾದವನು, ಅವನಿಗೊಂದು ದಾರಿ ಮಾಡಿಕೊಡಿ ಎನ್ನಲಿಲ್ಲ. ಸೆರೆಮನೆಯಲ್ಲಿ ನಮಗೆ ಕನಸು ಬಿದ್ದಾಗ ಒಬ್ಬ ಯುವಕ ಅರ್ಥ ಹೇಳಿದ, ಅವನು ಹೇಳಿದಂತೆಯೇ ಆಯಿತು ಎಂದು ತಾನು ಕಣ್ಣಾರೆ ಕಂಡದ್ದನ್ನು ಹೇಳಿದನು.

ನನಗೆ ತೋರುವ ಮಟ್ಟಿಗೆ ಪರಿಚಯಕ್ಕೂ ವಶೀಲಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ನಮ್ಮಲ್ಲಿ ಅನೇಕ ಪ್ರಾಮಾಣಿಕರು ಯಾರನ್ನೂ ಕೇಳಬಾರದು, ಕೇಳಿದರೆ ಅದು ವಶೀಲಿಯಾಗುತ್ತದೆ ಎಂದು ಹಿಂಜರಿಯುತ್ತಾರೆ. ಅವರ ಮನಸ್ಸಾಕ್ಷಿ ದೊಡ್ಡದು, ಆದರೆ ಲೆಕ್ಕ ತಪ್ಪಿದೆ. ಒಬ್ಬನ ಕೆಲಸವನ್ನು ಕಂಡವನು ಅದನ್ನು ಕಂಡಂತೆ ಹೇಳಿದರೆ ಅದು ಸಾಕ್ಷಿ. ಕೆಲಸ ಬಾರದವನಿಗೆ ಬರುತ್ತದೆ ಎನ್ನುವುದು, ಸರದಿಯಲ್ಲಿ ಮುಂದಿರುವವನನ್ನು ಹಿಂದೆ ತಳ್ಳುವುದು, ಹಣ ಕೊಟ್ಟು ಅಂಕ ತಿದ್ದಿಸುವುದು ವಶೀಲಿಯೂ ಹೌದು, ಕಳ್ಳತನವೂ ಹೌದು. ನಮ್ಮ ರಾಜ್ಯದಲ್ಲಿ ೫೪೫ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ೨೦೨೧ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಅಕ್ರಮ ಬಯಲಾಗಿ ೨೦೨೨ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು ೨೦೨೪ರ ಜನವರಿಯಲ್ಲಿ. ಕೆಲವರ ಅಡ್ಡದಾರಿಗಾಗಿ, ಹಗಲಿರುಳು ಓದಿ ಬರೆದಿದ್ದ ಸಾವಿರಾರು ಮಕ್ಕಳ ವಯಸ್ಸಿನಲ್ಲಿ ಎರಡು ವರ್ಷ ಹೋಯಿತು. ಪರೀಕ್ಷೆಯಿಂದ ತುಂಬುವ ಸರ್ಕಾರಿ ಹುದ್ದೆಗೆ ಪರಿಚಯದ ಅಗತ್ಯವಿಲ್ಲ. ಅಂಥ ಹುದ್ದೆ ಕೊಡಿಸುತ್ತೇನೆ ಎನ್ನುವವನು ಎಷ್ಟೇ ದೇವಭಕ್ತನಂತೆ ಕಂಡರೂ ನಿಮ್ಮ ಜಮೀನಿನ ಪತ್ರವನ್ನು ಅವನಿಗೆ ತೋರಿಸಬೇಡಿ.

ಇನ್ನು ಕೇಳುವ ಬಗೆ. ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ಬರೆಯಿರಿ. ಮನೆಯವರನ್ನೂ ದಿನಾ ಕಾಣುವ ಗೆಳೆಯರನ್ನೂ ಬಿಟ್ಟು ಬರೆಯಿರಿ, ಅವರಿಗೆ ಹೇಗೂ ಗೊತ್ತಿರುತ್ತದೆ. ಹೈಸ್ಕೂಲಿನ ಮೇಷ್ಟ್ರು, ಐಟಿಐನ ಹಳೆಯ ಸಹಪಾಠಿ, ಹಿಂದೆ ಕೆಲಸ ಮಾಡಿದ ಕಡೆಯ ಸೂಪರ್‌ವೈಸರ್, ನಿಮ್ಮ ತಾಯಿ ಆರೈಕೆ ಪಡೆದ ಆಸ್ಪತ್ರೆಯ ಸಿಸ್ಟರ್, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯವರು, ಮದುವೆಯಲ್ಲಿ ಎರಡು ಮಾತಾಡಿದ ಬೀಗರ ಕಡೆಯವರು. ಇಪ್ಪತ್ತು ಹೆಸರಾದರೂ ಆಗುತ್ತದೆ. ನನಗೆ ಯಾರೂ ಗೊತ್ತಿಲ್ಲ ಎನ್ನುವವರು ಕೂಡ ಬರೆಯಲು ಕುಳಿತರೆ ಹಾಳೆಯ ಹಿಂಬದಿಗೆ ಹೋಗುತ್ತಾರೆ.

ನಂತರ ಅವರಲ್ಲಿ ಕೆಲಸ ಕೊಡಿ ಎಂದು ಕೇಳಬೇಡಿ. ಇದು ವಿಚಿತ್ರವೆನಿಸಬಹುದು. ಕೆಲಸ ಕೊಡುವ ಅಧಿಕಾರ ಅವರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಹಾಗೆ ಕೇಳಿದರೆ ನೋಡೋಣ ಎಂದು ಹೇಳಿ ಮುಂದೆ ನಿಮ್ಮನ್ನು ಕಂಡಾಗಲೆಲ್ಲ ಬೇರೆ ದಾರಿ ಹಿಡಿಯುತ್ತಾರೆ. ಅವರು ಕೊಡಬಹುದಾದದ್ದನ್ನು ಕೇಳಿ. "ಅಣ್ಣಾ, ನೀವು ಬದನಗುಪ್ಪೆ ಕಡೆ ಕೆಲಸಕ್ಕೆ ಹೋಗ್ತೀರಂತೆ. ನಾನು ಫಿಟ್ಟರ್ ಟ್ರೇಡ್ ಮುಗಿಸಿ ಎರಡು ವರ್ಷ ಮೈಸೂರಲ್ಲಿ ಕೆಲಸ ಮಾಡಿದ್ದೀನಿ. ನಿಮ್ಮಲ್ಲಿ ಆಳು ತಗೊಳ್ಳೋದು ಯಾವ ತಿಂಗಳಲ್ಲಿ? ಯಾರನ್ನ ಕಾಣಬೇಕು? ನಿಮ್ಮ ಹೆಸರು ಹೇಳಬಹುದಾ?" ಇಷ್ಟು ಕೇಳಿದರೆ ಹೇಳುವವನಿಗೂ ಭಾರವಿಲ್ಲ, ಕೇಳುವವನಿಗೂ ಅವಮಾನವಿಲ್ಲ. ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಒಬ್ಬರ ಹೆಸರನ್ನು ಅವರ ಅನುಮತಿಯಿಲ್ಲದೆ ಬಳಸುವುದು ಅವರ ಅಂಗಿಯನ್ನು ಕೇಳದೆ ಹಾಕಿಕೊಂಡು ಹೋದಂತೆ.

ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಓದು, ಮಾಡಿದ ಕೆಲಸ, ಎಷ್ಟು ವರ್ಷ, ದೂರವಾಣಿ ಸಂಖ್ಯೆ ಬರೆದು ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ; ಮೊಬೈಲಿನಲ್ಲಿಯೂ ಇರಲಿ. ನಿಮ್ಮ ವಿಷಯ ಇನ್ನೊಬ್ಬರಿಗೆ ಹೇಳಬೇಕಾದವನು ನಿಮ್ಮ ಓದನ್ನು ತಪ್ಪು ಹೇಳಿದರೆ ತಪ್ಪು ನಿಮ್ಮದೇ. ಹೆಂಗಸರಿಗೆ ಒಂದು ಮಾತು: ಮನೆ ನೋಡಿಕೊಂಡು ಹತ್ತು ವರ್ಷ ಹೊರಗಿನ ಕೆಲಸ ಮಾಡದ ತಾಯಂದಿರು ತಮ್ಮ ಹಾಳೆಯಲ್ಲಿ ಬರೆಯಲು ಏನೂ ಇಲ್ಲವೆಂದುಕೊಳ್ಳುತ್ತಾರೆ. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆದದ್ದು, ಬ್ಯಾಂಕಿಗೆ ಹೋಗಿ ಸಾಲದ ವ್ಯವಹಾರ ಮುಗಿಸಿದ್ದು, ಅದು ಕೆಲಸವಲ್ಲದೆ ಮತ್ತೇನು? ಅದನ್ನು ಬರೆಯಿರಿ. ಆ ಬ್ಯಾಂಕಿನ ಅಧಿಕಾರಿಯ ಹೆಸರೂ ನಿಮ್ಮ ಪಟ್ಟಿಯಲ್ಲಿರಲಿ.

ಸಮಯವೂ ಮುಖ್ಯ. ಹನೂರು, ಮಾರ್ಟಳ್ಳಿ ಕಡೆಯಿಂದ ಹೊರಗೆ ದುಡಿಯಲು ಹೋದವರು ಕ್ರಿಸ್ತಜಯಂತಿಗೂ ಊರ ಹಬ್ಬಕ್ಕೂ ಮನೆಗೆ ಬರುತ್ತಾರೆ. ಜೂನ್ ೧೩ರಂದು ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಎಲ್ಲೆಲ್ಲಿಂದಲೋ ಜನ ಸೇರುತ್ತಾರೆ. ಕಳೆದುಹೋದ ವಸ್ತುವನ್ನು ಹುಡುಕಿಕೊಡು ಎಂದು ಸಂತರನ್ನು ಬೇಡಿ, ಕಳೆದುಹೋದ ಕೆಲಸದ ವಿಷಯವನ್ನು ಪಕ್ಕದಲ್ಲಿ ನಿಂತ ಹಳೆಯ ಸ್ನೇಹಿತನಿಗೆ ಹೇಳದೆ ಬಂದರೆ ಹೇಗೆ! ಎರಡನ್ನೂ ಮಾಡಬಹುದು.

ಆದರೆ ಈ ಪರಿಚಯದ ದಾರಿಗೆ ಒಂದು ಅಪಾಯವುಂಟು, ಅದನ್ನು ಮುಚ್ಚಿಡಬಾರದು. ಮುಂಬಯಿಯ ದಾದರ್ ಭಾಗದ ಶಾಲೆಗಳ ಮಕ್ಕಳ ವಿಷಯವಾಗಿ ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲವು ಸಮುದಾಯಗಳ ಗಂಡುಮಕ್ಕಳಿಗೆ ಅಪ್ಪ ಚಿಕ್ಕಪ್ಪಂದಿರ ಪರಿಚಯದಿಂದ ಅವರದೇ ಕಾರ್ಮಿಕ ಕೆಲಸಗಳು ಸುಲಭವಾಗಿ ಸಿಗುತ್ತಿದ್ದವು. ಆದ್ದರಿಂದ ಹಿರಿಯರು ಅವರನ್ನು ಹಳೆಯ ದಾರಿಯಲ್ಲೇ ಓದಿಸಿದರು. ಹೆಣ್ಣುಮಕ್ಕಳಿಗೆ ಅಂಥ ಪರಿಚಯದ ಬಲ ಇರಲಿಲ್ಲ. ಅದೇ ಕಾರಣಕ್ಕೆ ಅವರು ಇಂಗ್ಲಿಷ್ ಮಾಧ್ಯಮಕ್ಕೆ ಬೇಗ ಹೊರಳಿಕೊಂಡು ಹೊಸ ಕೆಲಸಗಳಿಗೆ ಸಿದ್ಧರಾದರು. ಕೈಹಿಡಿದು ಕರೆದೊಯ್ಯುವವರು ತಮಗೆ ಗೊತ್ತಿರುವ ಕಡೆಗೇ ಕರೆದೊಯ್ಯುತ್ತಾರೆ. ಮಾವ ಕಲ್ಲುಕ್ವಾರಿಯಲ್ಲಿದ್ದಾನೆಂದು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗನೂ ಮಾರನೆಯ ವಾರ ಕ್ವಾರಿಗೇ ಹೊರಟರೆ, ಆ ಮಾವನ ಪ್ರೀತಿಯನ್ನು ನಾವು ಗೌರವಿಸಬೇಕು, ಹುಡುಗನನ್ನು ತಡೆಯಲೂಬೇಕು. ಆದ್ದರಿಂದಲೇ ಹೇಳಿದ್ದು, ಪಟ್ಟಿಯಲ್ಲಿ ಬಂಧುಗಳಲ್ಲದವರಿರಲಿ. ಬೇರೆ ಜಾತಿಯವರು, ಬೇರೆ ಧರ್ಮದವರು, ಬೇರೆ ಕಸುಬಿನವರು ಇರಲಿ. ಕ್ರೈಸ್ತರು ಕ್ರೈಸ್ತರಿಗೇ, ನಮ್ಮ ಊರಿನವರು ನಮ್ಮ ಊರಿನವರಿಗೇ ಎಂದು ಬೇಲಿ ಹಾಕಿಕೊಂಡರೆ ಒಳಗಿರುವವರಿಗೇ ನಷ್ಟ ಎಂದು ಗ್ರಾನೊವೆಟರ್ ಅವರ ಲೆಕ್ಕವೂ ಹೇಳುತ್ತದೆ.

ಇನ್ನು ಪರಿಚಯವೇ ಇಲ್ಲದವರಿಗಾಗಿ ಸರ್ಕಾರದ ಬಾಗಿಲುಗಳಿವೆ. ಚಾಮರಾಜನಗರದಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ. ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಿ ಹಣ ಕೊಡದೆ ಹೆಸರು ನೋಂದಾಯಿಸಬಹುದು. ಉದ್ಯೋಗ ಮೇಳಕ್ಕೆ ಹೋದರೆ ಕೆಲಸ ಸಿಗದೆ ಹಿಂತಿರುಗಿದರೂ ನಾಲ್ಕು ಜನರ ಗುರುತು ಮಾಡಿಕೊಂಡು ಬನ್ನಿ, ಸಾಲಿನಲ್ಲಿ ನಿಮ್ಮ ಹಿಂದೆ ನಿಂತವನೂ ಅದರಲ್ಲಿ ಸೇರಲಿ. ಹೊರದೇಶಕ್ಕೆ ಹೋಗುವವರು ಮಾತ್ರ ಬಾಯಿಮಾತನ್ನು ನಂಬಲೇಬಾರದು. ೧೯೮೩ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇರುವ ಏಜೆಂಟರೇ ಕಳುಹಿಸಬೇಕು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿ ವಿಧಿಸಲಾಗಿದೆ, ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ನೋಂದಣಿ ಇದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಏಜೆಂಟ್ ನಮ್ಮ ಧರ್ಮಕೇಂದ್ರದವನೇ, ಹಾಡಿನ ತಂಡದಲ್ಲಿದ್ದಾನೆ ಎನ್ನುವುದು ನೋಂದಣಿಯಲ್ಲ.

ಈಗ ಕೆಲಸದಲ್ಲಿರುವವರ ಕಡೆಗೆ ತಿರುಗೋಣ. ಪ್ರೇಷಿತರ ಕಾರ್ಯಕಲಾಪಗಳ ೯ನೆಯ ಅಧ್ಯಾಯದಲ್ಲಿ ಸೌಲನು ಮನಪರಿವರ್ತನೆಯಾಗಿ ಜೆರುಸಲೇಮಿಗೆ ಬಂದಾಗ ಯಾರೂ ಅವನನ್ನು ನಂಬಲಿಲ್ಲ. ಅವನ ಹಿಂದಿನ ಕಥೆ ಎಲ್ಲರಿಗೂ ಗೊತ್ತಿತ್ತು. ಬಾರ್ನಬನೊಬ್ಬನು ಅವನನ್ನು ಕರೆದುಕೊಂಡು ಹೋಗಿ ಪ್ರೇಷಿತರ ಮುಂದೆ ನಿಲ್ಲಿಸಿ, ದಮಾಸ್ಕಸ್ಸಿನ ದಾರಿಯಲ್ಲಿ ಏನಾಯಿತು, ಅಲ್ಲಿ ಇವನು ಎಷ್ಟು ಧೈರ್ಯದಿಂದ ಬೋಧಿಸಿದ ಎಂದು ವಿವರಿಸಿದನು. ತನ್ನ ಒಳ್ಳೆಯ ಹೆಸರನ್ನು ಇನ್ನೊಬ್ಬನಿಗಾಗಿ ಒತ್ತೆಯಿಟ್ಟನು. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ ಬಾರ್ನಬನು ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದನು. ಕೇಳಿಕೊಂಡು ಬಂದವನಿಗೆ ಸಹಾಯ ಮಾಡುವುದು ಒಂದು. ಕೆಲಸ ಖಾಲಿಯಾದಾಗ ಮೂಲೆಯಲ್ಲಿ ಕುಳಿತವನನ್ನು ನೆನೆದು ಹುಡುಕಿಕೊಂಡು ಹೋಗುವುದು ಇನ್ನೊಂದು.

ನೀವು ಹೇಳಿ ಸೇರಿಸಿದ ಹುಡುಗ ಕೆಟ್ಟವನಾದರೆ ಏನು ಮಾಡುವುದು ಎಂಬ ಅಳುಕು ಸಹಜ. ಕಂಡದ್ದನ್ನು ಮಾತ್ರ ಹೇಳಿದರೆ ಈ ಅಳುಕು ಅರ್ಧ ಕಡಿಮೆಯಾಗುತ್ತದೆ. ಹುಡುಗನ ತಂದೆ ಗೊತ್ತು, ಅವನ ಕೆಲಸ ನೋಡಿಲ್ಲ ಎನ್ನುವುದಾದರೆ ಹಾಗೆಯೇ ಹೇಳಿ. ಧಣಿಗಳು ಅದನ್ನೂ ಗೌರವಿಸುತ್ತಾರೆ. ಸಂದನಪಾಳ್ಯದಿಂದ ಒಬ್ಬ, ಕಾಮಗೆರೆಯಿಂದ ಒಬ್ಬಳು ಮೈಸೂರಿನ ಕಂಪನಿ ಸೇರಿದ್ದರೆ, ತಿಂಗಳಿಗೊಮ್ಮೆ ಅಲ್ಲಿಯ ಖಾಲಿ ಹುದ್ದೆಯ ಸುದ್ದಿಯನ್ನು ಊರಿನ ದೇವಾಲಯದ ಸೂಚನಾ ಫಲಕಕ್ಕೆ ತಲುಪಿಸುವುದು ಎಷ್ಟು ಹೊತ್ತಿನ ಕೆಲಸ? ವಿನ್ಸೆಂಟ್ ದಿ ಪಾಲ್ ಸಭೆಯವರು ಅಕ್ಕಿ ಕೊಡುವ ಮನೆಗಳ ಪಟ್ಟಿಯ ಪಕ್ಕದಲ್ಲಿ ಆ ಮನೆಯಲ್ಲಿ ಯಾರಿಗೆ ಯಾವ ಕೆಲಸ ಬರುತ್ತದೆ ಎಂದು ಒಂದು ಕಲಂ ಹಾಕಿಕೊಂಡರೆ, ಮುಂದಿನ ವರ್ಷ ಕೆಲವು ಮನೆಗೆ ಅಕ್ಕಿಯ ಅಗತ್ಯ ಬೀಳದು.

ಕೆಲಸ ಸಿಕ್ಕಲಿ, ಸಿಗದಿರಲಿ, ದಾರಿ ತೋರಿಸಿದವರಿಗೆ ಹಿಂತಿರುಗಿ ಹೋಗಿ ತಿಳಿಸಿ. ಅಣ್ಣಾ, ನೀವು ಹೇಳಿದವರನ್ನ ಕಂಡೆ, ಈಗ ಇಲ್ಲವಂತೆ, ಮಾರ್ಚಿಯಲ್ಲಿ ಬನ್ನಿ ಅಂದ್ರು ಎಂದರೆ ಸಾಕು. ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂತಿರುಗಿ ಬಂದವನು ಒಬ್ಬನೇ; ಕೆಲಸ ಕೇಳಿ ಹೋದವರಲ್ಲಿ ಈ ಲೆಕ್ಕ ಅದಕ್ಕಿಂತ ಉತ್ತಮವಾಗಿಲ್ಲ ಎಂದು ಅನೇಕ ಹಿರಿಯರು ದೂರುತ್ತಾರೆ. ತಿಳಿಸಿದವನ ಹೆಸರು ಮಾರ್ಚಿಯಲ್ಲಿ ಅವರಿಗೆ ತಾನಾಗಿ ನೆನಪಾಗುತ್ತದೆ.

ಈ ವಾರ ರಾತ್ರಿಯ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಮಾತಾಡಲು ಮೂರು ಪ್ರಶ್ನೆಗಳು. ನಮ್ಮ ಮನೆಯಲ್ಲಿ ಈಗ ದುಡಿಯುತ್ತಿರುವವರಿಗೆ ಮೊದಲ ಕೆಲಸದ ಸುದ್ದಿ ತಂದವರು ಯಾರು, ಅವರು ಈಗ ಎಲ್ಲಿದ್ದಾರೆ? ನಮ್ಮ ಬೀದಿಯಲ್ಲಿ ಕೆಲಸವಿಲ್ಲದೆ ಇರುವವರು ಯಾರು, ಅವರಿಗೆ ಏನು ಕೆಲಸ ಬರುತ್ತದೆ ಎಂದು ನಮಗೆ ಗೊತ್ತಿದೆಯೇ? ನಾವು ದುಡಿಯುವ ಕಡೆ ಮುಂದಿನ ಮೂರು ತಿಂಗಳಲ್ಲಿ ಆಳು ಬೇಕಾಗಬಹುದೇ, ಹಾಗಿದ್ದರೆ ಭಾನುವಾರ ಪೂಜೆಯ ನಂತರ ಅದನ್ನು ಯಾರಿಗೆ ಹೇಳುತ್ತೇವೆ?